ಉಲ್ಟಾ ಪರೇಡಿನಲ್ಲಿ ತಾಯಿಯ ದನಿ

ಕೊಕ್-ಬೆಲ್ ಗಡಿಠಾಣೆಗೆ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಮೋಡ ಬರುತ್ತಿತ್ತು. ಮೇಲಿನಿಂದಲ್ಲ, ಕೆಳಗಿನಿಂದ. ಕಣಿವೆ ಹತ್ತಿ, ಮುಳ್ಳುತಂತಿಯ ಬೇಲಿ ದಾಟಿ, ಮೇಯ್ದು ಮನೆಗೆ ಬರುವ ಹಸುವಿನಂತೆ ನಿಧಾನಕ್ಕೆ ಕವಾಯತು ಮೈದಾನಕ್ಕೆ ಬಂದು ನಿಲ್ಲುತ್ತಿತ್ತು. ಪಹರೆಯವರು ಗುರುತಿನ ಮಾತು ಕೇಳದೆ ಒಳಗೆ ಬಿಡುತ್ತಿದ್ದುದು ಅದೊಂದನ್ನೇ. ಬಂದ ಮೇಲೆ ಸಿಪಾಯಿಗಳಿಗೆ ಸೊಂಟದಿಂದ ಕೆಳಗೆ ಕಾಲುಗಳಿರುತ್ತಿರಲಿಲ್ಲ, ಕುದುರೆಗಳಿಗೆ ಬರೀ ಬೆನ್ನು ಇರುತ್ತಿತ್ತು. ಎಲ್ಲರಿಗೂ ಅದು ರೂಢಿಯಾಗಿತ್ತು.

ಆ ಎತ್ತರದಲ್ಲಿ ಗಾಳಿ ತೆಳು. ಗಾಳಿ ತೆಳುವಾದ ಕಡೆ ನಿದ್ದೆಯೂ ತೆಳು, ನಿದ್ದೆ ತೆಳುವಾದ ಕಡೆ ಕನಸು ದಪ್ಪ. ಹೊಸದಾಗಿ ಬಂದವರು ಮೊದಲ ತಿಂಗಳಿಡೀ ಬೆಳಿಗ್ಗೆ ಎದ್ದು ಕನಸಿನ ವಿಷಯಕ್ಕೇ ಜಗಳವಾಡುತ್ತಿದ್ದರು. ನನ್ನ ಕನಸಿನಲ್ಲಿ ನಿನ್ನ ಕುದುರೆ ನನ್ನ ಬೂಟು ತಿಂದಿದೆ, ಕೊಡು ಬೂಟು, ಎಂದು ಒಬ್ಬ ಇನ್ನೊಬ್ಬನ ಕೊರಳಪಟ್ಟಿ ಹಿಡಿದದ್ದೂ ಉಂಟು. ಹವಾಲ್ದಾರ ಸಾತರ್‌ಕುಲ್ ಅದನ್ನು ವಿಧಿವತ್ತಾಗಿ ವಿಚಾರಣೆ ಮಾಡಿ, ಕುದುರೆಗೆ ಎಚ್ಚರಿಕೆ ಕೊಟ್ಟು, ಪ್ರಕರಣ ಮುಗಿಸಿದ್ದ.

ಉಲಾರ್ ಅಂಥ ಜಾಗಕ್ಕೆ ಹೇಳಿ ಮಾಡಿಸಿದವನು. ಇಪ್ಪತ್ತು ವರ್ಷ, ಕಡ್ಡಿಯಂಥ ಮೈ, ಮುಖದಲ್ಲಿ ನೆನಪಿಡುವಂಥದ್ದೇನೂ ಇರಲಿಲ್ಲ. ಆ ಖಾಲಿ ಮುಖದ ಮೇಲೆ ಅವನು ಯಾರ ಮುಖವನ್ನಾದರೂ ಕೂರಿಸಬಲ್ಲವನಾಗಿದ್ದ. ಹವಾಲ್ದಾರ ಕೆಮ್ಮಬೇಕು ಅಂದುಕೊಳ್ಳುವಷ್ಟರಲ್ಲಿ ಇವನು ಅವನ ಕೆಮ್ಮನ್ನು ಕೆಮ್ಮಿ ಮುಗಿಸಿರುತ್ತಿದ್ದ. ಆಗ ಹವಾಲ್ದಾರನಿಗೆ ತಾನು ಕೆಮ್ಮಿದೆನೋ ಇಲ್ಲವೋ ಎಂದೇ ಅನುಮಾನ ಬಂದು, ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅವನ ಕೆಲಸ ಟೆಲಿಫೋನಿನದು. ಜಿಲ್ಲಾ ಕೇಂದ್ರದಿಂದ ಠಾಣೆಗೆ ನಲವತ್ತು ಕಿಲೋಮೀಟರು ತಂತಿ. ಚಮರೀಮೃಗಗಳು ಬೆನ್ನು ತುರಿಸಿಕೊಂಡು ಅದರ ಕಂಬಗಳನ್ನೆಲ್ಲ ವಾಲಿಸಿದ್ದವು. ಗಾಳಿ ಬಿಟ್ಟರೆ ಅರ್ಧ ಮಾತು ಕಮರಿಗೆ ಬೀಳುತ್ತಿತ್ತು. ಉಳಿದರ್ಧ ಕೇಳಿಸುತ್ತಿದ್ದುದು ಉಲಾರ್ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಲ್ಲಿ ಮಾತ್ರ. ಪಕ್ಕದ ಕೋಣೆಯಲ್ಲಿ ರಿಸೀವರ್ ಹಿಡಿದ ಅಧಿಕಾರಿಗೆ ಬರೀ ಗೊರಗೊರ. ಹಾಗಾಗಿ ಉಲಾರ್ ಮಧ್ಯೆ ಕೂತು ಆ ಕಡೆಯವರು ಹೇಳಿದ್ದನ್ನು ಈ ಕಡೆಗೆ ದಾಟಿಸಬೇಕಿತ್ತು. ಒಂದಕ್ಷರ ಸೇರಿಸುವಂತಿಲ್ಲ, ಒಂದಕ್ಷರ ನುಂಗುವಂತಿಲ್ಲ.

ಪ್ರತಿ ಶುಕ್ರವಾರ ಹನ್ನೊಂದಕ್ಕೆ ಕ್ಯಾಪ್ಟನ್ ತೊಲೊಗೊನ್ ಅವರ ತಾಯಿ ಬಾತ್ಮಾಕಾನ್ ತಮ್ಮ ಹಳ್ಳಿಯ ಅಂಚೆ ಕಚೇರಿಗೆ ಬಂದು ಮಗನಿಗೆ ಫೋನು ಮಾಡುತ್ತಿದ್ದರು. ಕ್ಯಾಪ್ಟನ್ ಎಂದರೆ ಆರಡಿ ಆಳು, ಪೊದೆಮೀಸೆ. ಅವರು ಒಂದು ಸಲ ಗದರಿದರೆ ಎದುರು ಗುಡ್ಡದ ದಪ್ಪ ನೆಲಅಳಿಲು ಮಾರ್ಮೊಟ್‌ಗಳು ಶಿಳ್ಳೆ ಹಾಕಿ ಬಿಲ ಸೇರುತ್ತಿದ್ದವು. ಅಂಥವರು ಶುಕ್ರವಾರ ಹನ್ನೊಂದಕ್ಕೆ ತಲೆ ಬಾಚಿಕೊಂಡು ಬಂದು, ರಿಸೀವರನ್ನು ತೋಳಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು, "ಆಪಾ?" ಅನ್ನುತ್ತಿದ್ದರು. ಆಪಾ ಎಂದು ಅಮ್ಮನನ್ನು ಕರೆಯುವಾಗ ಅವರ ಮೀಸೆಯೂ ಸಣ್ಣದಾದಂತೆ ಕಾಣುತ್ತಿತ್ತು.

ಆಮೇಲೆ ಉಲಾರನ ಸರದಿ. ಆಪಾ ಹೇಳಿದ್ದನ್ನು ಮೊದಮೊದಲು ತನ್ನ ದನಿಯಲ್ಲೇ ದಾಟಿಸುತ್ತಿದ್ದ. ಹಾಗೆ ದಾಟಿಸಿದರೆ ಮಾತಿನ ಅರ್ಧ ಸತ್ವ ಹೋಗುತ್ತದೆಂದು ಎರಡನೇ ವಾರಕ್ಕೇ ತಿಳಿಯಿತು. ಮೂರನೇ ವಾರದಿಂದ ಅವರ ದನಿಯಲ್ಲೇ ದಾಟಿಸತೊಡಗಿದ. ಉಪ್ಪು ಚಹಾ ಗುಟುಕರಿಸುವ ಸದ್ದು, ಬೈಗುಳಕ್ಕೆ ಮುಂಚೆ ಬರುವ ಸಣ್ಣ ನಿಟ್ಟುಸಿರು, ಎಲ್ಲವೂ ಅವನ ಗಂಟಲಿಗೆ ಬಂದು ನೆಲೆಸಿದವು. ಒಂದೂವರೆ ವರ್ಷದಿಂದ ಕ್ಯಾಪ್ಟನ್ ಕೇಳುತ್ತಿದ್ದುದು ಇವನ ಬಾಯಿಂದ ಬಂದ ತಾಯಿಯನ್ನು.

ಇನ್ನು ಉಲ್ಟಾ ಪರೇಡಿನ ವಿಷಯ. ವರ್ಷಕ್ಕೊಮ್ಮೆ, ಜುಲೈ ತಿಂಗಳ ಎರಡನೇ ಶನಿವಾರ, ಮಧ್ಯಾಹ್ನ ಮೂರರಿಂದ ಸಂಜೆಯ ಚಹಾದವರೆಗೆ ಠಾಣೆ ತಲೆಕೆಳಗಾಗುತ್ತಿತ್ತು. ಅಧಿಕಾರಿಗಳು ಸಿಪಾಯಿಯ ಅಂಗಿ ತೊಟ್ಟು ಸಾಲಿನಲ್ಲಿ ನಿಲ್ಲಬೇಕು. ಸಿಪಾಯಿಯೊಬ್ಬ ಕ್ಯಾಪ್ಟನ್‌ನ ಟೋಪಿ ಹಾಕಿ ಅವರ ತಪಾಸಣೆ ಮಾಡಬೇಕು, ಅವರ ನಡಿಗೆ, ಅವರ ಗದರಿಕೆ, ಅವರ ಹುಚ್ಚಾಟ ಎಲ್ಲವನ್ನೂ ಅವರ ಮುಖಕ್ಕೇ ಆಡಿ ತೋರಿಸಬೇಕು. ಯಾರು ಯಾವ ಕಾಲದಲ್ಲಿ ಶುರುಮಾಡಿದರೋ ಗೊತ್ತಿಲ್ಲ. ಮೇಲಿನ ಕಚೇರಿಗೆ ತಿಳಿಸಿರಲಿಲ್ಲ, ತಿಳಿಸುವ ಉದ್ದೇಶವೂ ಇರಲಿಲ್ಲ.

ಆಡಬಾರದ್ದು ಮೂರೇ ಮೂರು: ಧ್ವಜ, ಹೆಂಡತಿಯರು, ಸತ್ತವರು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸಿಪಾಯಿಯೊಬ್ಬ ಲೆಫ್ಟಿನೆಂಟನ ಹೆಂಡತಿ ಅಳುವುದನ್ನು ಆಡಿ ತೋರಿಸಿದ್ದನಂತೆ. ಲೆಫ್ಟಿನೆಂಟ್ ಏನೂ ಮಾಡಲಿಲ್ಲ, ಶಿಕ್ಷೆಯೂ ಕೊಡಲಿಲ್ಲ. ಆದರೆ ಆ ಚಳಿಗಾಲವಿಡೀ ಊಟಕ್ಕೆ ಕೂತಾಗ ಆ ಸಿಪಾಯಿಯ ಎಡಕ್ಕೂ ಬಲಕ್ಕೂ ಜಾಗ ಖಾಲಿ ಇರುತ್ತಿತ್ತು. ಇದನ್ನು ಹೇಳುವಾಗ ಸಾತರ್‌ಕುಲ್ ಈಗಲೂ ದನಿ ತಗ್ಗಿಸುತ್ತಿದ್ದ.

ತಾಯಿ ಆ ಪಟ್ಟಿಯಲ್ಲಿ ಇದ್ದಾಳೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಳೆದ ವರ್ಷ ಉಲಾರ್ ತಲೆಗೆ ಅಡುಗೆಮನೆಯ ಬಿಳಿ ಬಟ್ಟೆ ಸುತ್ತಿ ಶುಕ್ರವಾರದ ಫೋನನ್ನು ಆಡಿದಾಗ ಸಾಲಿಗೆ ಸಾಲೇ ಉಸಿರು ಹಿಡಿದಿತ್ತು. ಎಲ್ಲರ ಕಣ್ಣೂ ಕ್ಯಾಪ್ಟನ್ ಮೇಲೆ. ಕ್ಯಾಪ್ಟನ್ ಮೊದಲು ಕೆಂಪಾದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಬಗ್ಗಿ, ನಕ್ಕು ನಕ್ಕು, ಕಣ್ಣಲ್ಲಿ ನೀರು ಬಂದು, "ಬರೋ ವರ್ಷ ಇದನ್ನ ಬಿಟ್ಟೆ ಅಂದ್ರೆ ನಿನ್ನ ಸೇವೆ ಮುಗಿಯೋ ತನಕ ಈರುಳ್ಳಿ ಹೆಚ್ಚಿಸ್ತೀನಿ ನೋಡು" ಎಂದು ಅಪ್ಪಣೆ ಮಾಡಿದ್ದರು.

ಈ ವರ್ಷ ಪರಿಸ್ಥಿತಿ ಸ್ವಲ್ಪ ಬೇರೆಯಾಗಿತ್ತು. ಮೇ ತಿಂಗಳಲ್ಲಿ ಬೇಸಿಗೆಯ ಹುಲ್ಲುಗಾವಲಿಗೆ ಹೋಗಿ ತಾಯಿಯ ಗುಡಾರ ಕಟ್ಟಿಕೊಡುತ್ತೇನೆಂದು ಕ್ಯಾಪ್ಟನ್ ಮಾತು ಕೊಟ್ಟಿದ್ದರು. ಹೋಗಲಾಗಲಿಲ್ಲ. ಮುಂದಿನ ವಾರ ಅಂದರು, ಅದರ ಮುಂದಿನ ವಾರ ಅಂದರು. ಜೂನ್ ಕೊನೆಯ ಶುಕ್ರವಾರ ತಾಯಿ, "ಬರಲ್ಲ ಅಂದ್ರೆ ಬರಲ್ಲ ಅನ್ನು. ನಾಳೆ ನಾಳೆ ಅಂತ ನನ್ನ ಆಟ ಆಡಿಸ್ಬೇಡ" ಎಂದು ಫೋನಿಟ್ಟರು. ಆ ಮಾತನ್ನೂ ಉಲಾರ್ ಇದ್ದ ಹಾಗೇ ದಾಟಿಸಿದ್ದ. ಅದಾದ ಮೇಲೆ ಎರಡು ಶುಕ್ರವಾರ ಅವರು ಅಂಚೆ ಕಚೇರಿಗೆ ಬರಲಿಲ್ಲ.

ಎರಡು ವಾರವೂ ಕ್ಯಾಪ್ಟನ್ ತಲೆ ಬಾಚಿಕೊಂಡು ಬಂದು ಕೂತಿದ್ದರು. "ಲೈನು ಸರಿ ಇದೆಯೇನೋ?" ಎಂದು ಕೇಳಿದರು. "ಇದೆ, ಜೊಲ್ದೊಶ್ ಕ್ಯಾಪ್ಟನ್" ಎಂದ ಉಲಾರ್. ಕಾಮ್ರೇಡ್ ಎನ್ನಲು ಅವರಿಗೆ ಜೊಲ್ದೊಶ್. "ಹಂಗಾದ್ರೆ ಸಿಟ್ಟು" ಎಂದು ಕ್ಯಾಪ್ಟನ್ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡು, ರಿಸೀವರನ್ನು ಇನ್ನೊಮ್ಮೆ ಒರೆಸಿ ಎದ್ದು ಹೋದರು.

ಉಲ್ಟಾ ಪರೇಡಿನ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ಗಾಳಿಯಿರಲಿಲ್ಲ, ಮಾತು ಒಂದೊಂದೂ ನೀರಿನಲ್ಲಿ ಬಿದ್ದ ಕಲ್ಲಿನಂತೆ ಸ್ಪಷ್ಟವಾಗಿ ಕೇಳಿಸಿತು. ಮಾತಾಡಿದ್ದು ಕ್ಯಾಪ್ಟನ್‌ನ ಚಿಕ್ಕಪ್ಪ ಇಮಾನ್‌ಕುಲ್.

"ಯಾರಪ್ಪಾ, ಲೈನಿನ ಹುಡುಗನಾ? ಪಕ್ಕದಲ್ಲಿ ಅವನಿದ್ದಾನಾ?"

"ಇಲ್ಲ ತಾತ. ಕುದುರೆ ಲಾಯಕ್ಕೆ ಹೋಗಿದ್ದಾರೆ. ಕರೀಲಾ?"

"ಕರೀಬೇಡ. ಕೇಳು. ಬೆಳಗಿನ ಜಾವ ಅತ್ತಿಗೆ ಹೋಗ್ಬಿಟ್ಳು. ಎರಡು ವಾರದಿಂದ ಹಾಸಿಗೆ ಹಿಡಿದಿದ್ಳು. ಅವನಿಗೆ ಹೇಳ್ಬೇಡಿ ಅಂತ ನಮ್ಮ ಹತ್ರ ಆಣೆ ಹಾಕಿಸ್ಕೊಂಡಿದ್ಳು."

ಉಲಾರ್ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ.

"ಇಂಥ ಮಾತು ಟೆಲಿಫೋನಲ್ಲಿ ಹೇಳೋದಲ್ಲ ಮಗಾ. ದೊಡ್ಡವರು ಎದುರಿಗೆ ಕೂತು, ಭುಜ ಹಿಡ್ಕೊಂಡು ಹೇಳ್ಬೇಕು. ನಾವು ಮೂವರು ಹೊರಟಿದ್ದೀವಿ. ಸೇತುವೆ ತನಕ ಲಾರಿ, ಆಮೇಲೆ ಕುದುರೆ. ಹೊತ್ತು ಮುಳುಗೋದ್ರೊಳಗೆ ಬರ್ತೀವಿ. ಅಲ್ಲೀತನಕ ಅವನನ್ನ ಒಂಟಿ ಬಿಡ್ಬೇಡಿ. ಜನರ ಮಧ್ಯ ಇರ್ಲಿ. ನಗ್ತಿದ್ರೆ ನಗ್ಲಿ. ಆಯ್ತಾ?"

"ಆಯ್ತು ತಾತ."

ಹೆಡ್‌ಫೋನು ತೆಗೆದಿಟ್ಟ ಉಲಾರ್. ಕೈಯಲ್ಲಿದ್ದ ಪೆನ್ಸಿಲಿನಿಂದ ಕರೆಗಳ ಪುಸ್ತಕದಲ್ಲಿ ಸಮಯ ಬರೆದ, ಯಾರಿಗೆ ಎಂಬ ಕಡೆ ಏನೂ ಬರೆಯಲಿಲ್ಲ. ಆ ತಾಯಿಯನ್ನು ಅವನು ಒಮ್ಮೆಯೂ ಕಂಡವನಲ್ಲ. ಆದರೂ ತನ್ನ ಮನೆಯಲ್ಲೇ ಯಾರೋ ಹೋದ ಹಾಗೆ ಸಂಕಟವಾಯಿತು. ಗಂಟಲಲ್ಲಿ ಅವರ ದನಿ ಇನ್ನೂ ಬೆಚ್ಚಗೆ ಕೂತಿತ್ತು. ಅದಕ್ಕೆ ಸುದ್ದಿ ತಿಳಿದಿರಲಿಲ್ಲ.

ಸಾತರ್‌ಕುಲ್ ಉಗ್ರಾಣದಲ್ಲಿ ಬೂಟುಗಳಿಗೆ ಎಣ್ಣೆ ಹಚ್ಚುತ್ತಿದ್ದ. ಐವತ್ತು ದಾಟಿದ ಮನುಷ್ಯ, ಮೂವರು ಕ್ಯಾಪ್ಟನ್‌ಗಳನ್ನು ಕಂಡವನು. ಉಲಾರ್ ಎಲ್ಲ ಹೇಳಿದ. ಹವಾಲ್ದಾರ ಎರಡೂ ಅಂಗೈ ಮುಖಕ್ಕೆ ಸವರಿಕೊಂಡು ಒಂದು ಗಳಿಗೆ ಪ್ರಾರ್ಥನೆ ಮಾಡಿದ. ಎಣ್ಣೆಯ ಕೈ, ಕೆನ್ನೆಗೆಲ್ಲ ಕಪ್ಪು ಮೆತ್ತಿತು. ಅದನ್ನು ನೋಡಿ ನಗು ಬರುವಂತಾಗಿ ಉಲಾರ್‌ಗೆ ತನ್ನ ಮೇಲೇ ಅಸಹ್ಯವಾಯಿತು.

"ಬಾಯ್ಕೆ, ಪರೇಡು ನಿಲ್ಲಿಸ್ಬಿಡೋಣ" ಎಂದ. ಬಾಯ್ಕೆ ಎಂದರೆ ಅಣ್ಣ.

"ನಿಲ್ಲಿಸಿ ಏನಂತ ಹೇಳ್ತೀಯ? ಅವರು ಕೇಳ್ತಾರೆ, ನಿನ್ನ ಮುಖ ಹೇಳ್ಬಿಡುತ್ತೆ. ಹಿರಿಯರು ಹೇಳಿದ್ದೇನು? ಜನರ ಮಧ್ಯ ಇರ್ಲಿ ಅಂದ್ರಲ್ಲ. ಇವತ್ತು ಇಡೀ ಠಾಣೆ ಮೈದಾನದಲ್ಲೇ ಇರುತ್ತೆ. ಆಡು. ಚೆನ್ನಾಗಿ ಆಡು. ಆಪಾ ಭಾಗ ಒಂದು ಬಿಟ್ಬಿಡು."

"ಅವರು ಕೇಳಿದ್ರೆ?"

"ಕೇಳಲ್ಲ ಬಿಡು. ಎರಡು ವಾರದಿಂದ ಅಮ್ಮನ ಹೆಸರೆತ್ತಿದ್ರೆ ಮುಖ ಗಂಟು ಹಾಕ್ಕೊಳ್ತಾರೆ." ಹವಾಲ್ದಾರ ಬೂಟನ್ನು ಮತ್ತೆ ಎತ್ತಿಕೊಂಡ. "ಈಗ ಆಪಾ ಆ ಪಟ್ಟಿಯ ಮೂರನೇದರಲ್ಲಿ ಸೇರ್ಕೊಂಡ್ರು ಕಣೋ. ನಗೋ ಹಾಗಿಲ್ಲ."

ಮೂರಕ್ಕೆ ಮೋಡದೊಳಗೇ ಪರೇಡು ಶುರುವಾಯಿತು. ಕ್ಯಾಪ್ಟನ್ ತೊಲೊಗೊನ್ ಸಿಪಾಯಿಯ ಅಂಗಿ ತೊಟ್ಟು ಸಾಲಿನ ಕೊನೆಯಲ್ಲಿ ನಿಂತಿದ್ದರು. ಗುಂಡಿ ಹಾಕಲು ಬರುತ್ತಿರಲಿಲ್ಲ, ಹೊಟ್ಟೆ ಅಡ್ಡ ಬರುತ್ತಿತ್ತು. ಅವರ ಟೋಪಿ ಉಲಾರನ ಕಿವಿಯವರೆಗೂ ಇಳಿದಿತ್ತು. ಉಲಾರ್ ಕೈ ಹಿಂದೆ ಕಟ್ಟಿ, ಬಿದ್ದುಹೋದ ಗುಂಡಿ ಹುಡುಕುವವನ ಹಾಗೆ ನೆಲ ನೋಡುತ್ತ ಅವರ ನಡಿಗೆಯಲ್ಲಿ ಬಂದ. ಅಷ್ಟಕ್ಕೇ ಇಪ್ಪತ್ತೆರಡು ಜನ ಗೊಳ್ಳೆಂದು ನಕ್ಕರು.

"ಶಿಸ್ತು!" ಎಂದು ಕ್ಯಾಪ್ಟನ್‌ನ ದನಿಯಲ್ಲಿ ಗದರಿದ. ಎದುರು ಗುಡ್ಡದಲ್ಲಿ ಮಾರ್ಮೊಟ್ ಒಂದು ನಿಜವಾಗಿಯೂ ಶಿಳ್ಳೆ ಹಾಕಿ ಬಿಲ ಸೇರಿತು. ಇದಕ್ಕಿಂತ ದೊಡ್ಡ ಮೆಚ್ಚುಗೆ ಕಲಾವಿದನಿಗೆ ಇನ್ನೇನು ಬೇಕು. "ಕುದುರೆಗಳು ಯಾಕೆ ಸಾಲಿನಲ್ಲಿ ಲದ್ದಿ ಹಾಕ್ತಿಲ್ಲ? ಈ ಮೋಡಕ್ಕೆ ಒಳಗೆ ಬರೋಕೆ ಯಾರು ಪರ್ಮಿಟ್ ಕೊಟ್ಟೋರು? ಹೊರಗೆ ಹಾಕಿ, ಸಹಿ ಮಾಡಿಸ್ಕೊಂಡು ಮತ್ತೆ ಒಳಗೆ ಬಿಡಿ! ನೀನು, ದಪ್ಪ ಸಿಪಾಯಿ, ಮೀಸೆ ಯಾಕೆ ಅಟೆನ್ಶನ್‌ನಲ್ಲಿ ಇಲ್ಲ?"

"ತಪ್ಪಾಯ್ತು, ಜೊಲ್ದೊಶ್ ಕ್ಯಾಪ್ಟನ್!" ಎಂದು ದಪ್ಪ ಸಿಪಾಯಿ ಮೀಸೆ ನೆಟ್ಟಗೆ ಮಾಡಿಕೊಂಡರು.

ನಗು ಮೋಡದಲ್ಲಿ ಎಲ್ಲೆಲ್ಲಿಂದಲೋ ಬರುತ್ತಿತ್ತು. ಮುಖಗಳು ಬಿಳುಪಿನಲ್ಲಿ ತೇಲಿ ಬಂದು, ಬಾಯಿ ತೆರೆದು, ಮತ್ತೆ ಕರಗುತ್ತಿದ್ದವು. ಉಲಾರ್‌ಗೆ ತನ್ನ ದನಿಯೇ ದೂರದಿಂದ, ಯಾವುದೋ ಇಳಿಜಾರಿನ ಆಚೆಯಿಂದ ಕೇಳಿಸಿತು. ಕನಸಿನಲ್ಲಿ ಓಡುವಾಗ ಕಾಲು ನೆಲಕ್ಕೆ ತಾಗುವುದಿಲ್ಲವಲ್ಲ, ಹಾಗೆ ಒಂದಾದ ಮೇಲೊಂದು ಮಾತು ತಾನಾಗಿ ಬಂತು. ಬೆಳಗಿನದು ನಡೆದೇ ಇಲ್ಲ, ಅದೂ ಈ ಎತ್ತರದ ಒಂದು ದಪ್ಪ ಕನಸು ಎಂದು ಒಂದು ಕ್ಷಣ ಅನ್ನಿಸಿ ಮನಸ್ಸಿಗೆ ಸುಖವಾಯಿತು. ಅಷ್ಟರಲ್ಲಿ ಸಾತರ್‌ಕುಲ್‌ನ ಕೆನ್ನೆಯ ಮೇಲಿನ ಕಪ್ಪು ಕಣ್ಣಿಗೆ ಬಿತ್ತು.

ತಪಾಸಣೆ ಮುಗಿಯಿತು. ಹವಾಲ್ದಾರನ ಕೆಮ್ಮು ಮುಗಿಯಿತು. ಉಲಾರ್ ಟೋಪಿ ಸರಿಮಾಡಿಕೊಂಡು, "ಪರೇಡ್, ಚಹಾಕ್ಕೆ..." ಎಂದು ಆಜ್ಞೆ ಕೊಡಲು ಬಾಯಿ ತೆರೆದ.

"ತಡಿಯೋ ತಡಿ. ನಮ್ಮಮ್ಮ ಎಲ್ಲಿ?"

ದಪ್ಪ ಸಿಪಾಯಿ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಿದ್ದರು. ಮುಖದಲ್ಲಿ ನಗುವಿತ್ತು, ನಗುವಿನ ಹಿಂದೆ ಎರಡು ಶುಕ್ರವಾರಗಳೂ ಇದ್ದವು.

"ಚಹಾ ಆರ್ತಾ ಇದೆ, ಜೊಲ್ದೊಶ್ ಕ್ಯಾಪ್ಟನ್" ಎಂದು ಸಾತರ್‌ಕುಲ್ ನಡುವೆ ಬಂದ.

"ಕ್ಯಾಪ್ಟನ್ ಅವನು. ನಾನು ಸಿಪಾಯಿ. ಸಿಪಾಯಿ ಮನವಿ ಮಾಡ್ಕೊಂಡ್ರೆ ಕ್ಯಾಪ್ಟನ್ ಆದೋನು ಕೇಳ್ಬೇಕು." ಅವರು ಉಲಾರ್ ಕಡೆ ತಿರುಗಿದರು. "ಅವಳಂತೂ ಫೋನು ಮಾಡ್ತಿಲ್ಲ. ನೀನಾದ್ರೂ ಮಾಡೋ. ಈ ಸಲ ನನ್ನ ಪಾತ್ರ ನಾನೇ ಮಾಡ್ತೀನಿ. ನೀನು ಆಪಾ ಆಗು."

ಎಲ್ಲರೂ ಹೋ ಎಂದರು. ಹಿಂದೆಂದೂ ಇಲ್ಲದ ಹೊಸ ಸಂಗತಿ ಇದು, ಕ್ಯಾಪ್ಟನ್ ತಾವೇ ತಮ್ಮನ್ನು ಆಡುವುದು. ಬಾಣಸಿಗ ಕುಬಾತ್ ಆಗಲೇ ಅಡುಗೆಮನೆಯ ಬಿಳಿ ಬಟ್ಟೆಯನ್ನೂ, ಫೋನಿನ ಬದಲು ಎರಡು ತಗಡಿನ ಲೋಟಗಳನ್ನೂ ಹಿಡಿದು ಓಡಿ ಬಂದಿದ್ದ. ಉಲಾರ್ ಹವಾಲ್ದಾರನ ಮುಖ ನೋಡಿದ. ಹವಾಲ್ದಾರ ಕಣ್ಣು ತಪ್ಪಿಸಿ ನೆಲ ನೋಡಿದ. ಆಗುವುದಿಲ್ಲ ಅಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದ ಮೇಲೆ ಮುಖವೇ ಹೇಳಿಬಿಡುತ್ತದೆ. ಉಲಾರ್ ಟೋಪಿ ತೆಗೆದು ಬಟ್ಟೆ ಸುತ್ತಿಕೊಂಡ. ಗಂಟು ಎರಡು ಸಲ ತಪ್ಪಿತು. ಅದು ಮುದುಕಿಯ ತಡಕಾಟವೆಂದುಕೊಂಡು ಜನ ನಕ್ಕರು.

ಇಬ್ಬರೂ ಹತ್ತು ಹೆಜ್ಜೆ ದೂರದಲ್ಲಿ, ಒಂದೊಂದು ಪೆಟ್ಟಿಗೆಯ ಮೇಲೆ ಕೂತರು. ನಡುವೆ ಮೋಡ. ಕ್ಯಾಪ್ಟನ್ ಲೋಟವನ್ನು ತೋಳಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಆಪಾ?"

ಗಂಟಲಿನಲ್ಲಿ ಕೂತಿದ್ದ ದನಿ ಎದ್ದು ಬಂತು. ಉಲಾರ್ ಕರೆಯಲಿಲ್ಲ, ತಾನೇ ಬಂತು.

"ಯಾರದು? ಜೋರಾಗಿ ಮಾತಾಡು. ಅಲ್ಲೇನು ಊಟ ಹಾಕಲ್ವಾ?"

"ನಾನು ಆಪಾ, ತೊಲೊಗೊನ್."

"ಯಾವ ತೊಲೊಗೊನ್? ನಂಗೊಬ್ಬ ತೊಲೊಗೊನ್ ಇದ್ದ. ಕುರಿ ಕಾಯೋಕೆ ಕಳಿಸಿದ್ರೆ ನಿದ್ದೆ ಹೊಡೀತಿದ್ದ, ಕುರಿಗಳೇ ಅವನನ್ನ ಮನೆಗೆ ಕರ್ಕೊಂಡು ಬರ್ತಿದ್ವು. ಅವನನ್ನೇನಾ ದೇಶ ಕಾಯೋಕೆ ಇಟ್ಟಿರೋದು?"

ನಗು ಅಲೆಯಂತೆ ಬಂತು. ಕ್ಯಾಪ್ಟನ್‌ನ ಭುಜ ಕುಣಿಯುತ್ತಿತ್ತು.

"ಅವನೇ ಆಪಾ."

"ದೇವರೇ ಕಾಪಾಡ್ಬೇಕು. ಕಾಲುಚೀಲ?"

"ಹಾಕ್ಕೊಂಡಿದ್ದೀನಿ."

"ಒಂದು ಜೊತೆನೋ ಎರಡು ಜೊತೆನೋ?"

"ಎರಡು."

"ಸುಳ್ಳು. ಸುಳ್ಳು ಹೇಳುವಾಗ ನಿನ್ನ ದನಿ ಥೇಟ್ ನಿಮ್ಮಪ್ಪಂದು."

ಇದ್ಯಾವುದೂ ಉಲಾರನ ಮಾತಲ್ಲ. ಕುರಿಯ ಮಾತು ಕಳೆದ ಚಳಿಗಾಲದ ಒಂದು ಶುಕ್ರವಾರದ್ದು. ಕಾಲುಚೀಲದ್ದು ಪ್ರತಿ ವಾರದ್ದು. ಅಪ್ಪನ ದನಿಯ ಮಾತು ಮಾರ್ಚ್ ತಿಂಗಳದ್ದು, ಅಂದು ಹಿಮ ಬೀಳುತ್ತಿತ್ತು. ಒಂದೊಂದು ಮಾತು ಬಂದಾಗಲೂ ಆ ದಿನದ ಹೆಡ್‌ಫೋನಿನ ಬಿಸುಪು ಕಿವಿಗೆ ತಾಗಿದಂತಾಯಿತು. ತಾನು ಅವರನ್ನು ಗೇಲಿ ಮಾಡುತ್ತಿಲ್ಲ ಎಂದು ಅವನಿಗೆ ನಿಧಾನವಾಗಿ ತಿಳಿಯಿತು. ಮೋಡದಾಚೆ ಎಲ್ಲೋ ಒಂದು ಅಂಚೆ ಕಚೇರಿಯಲ್ಲಿ ಅವರು ಇನ್ನೂ ನಿಂತಿದ್ದಾರೆ, ಗಾಳಿ ಜಾಸ್ತಿಯಿದೆ, ತಾನು ದಾಟಿಸುತ್ತಿದ್ದೇನೆ, ಅಷ್ಟೇ. ಭಯ ಹೋಗಿ ಒಂದು ಬಗೆಯ ಸಂತೋಷವೇ ಆಯಿತು.

"ಗಡಿ ನೋಡಿದ್ಯಾ ಇವತ್ತು?" ಎಂದಿತು ದನಿ.

"ನೋಡಿದೆ ಆಪಾ."

"ನಿನ್ನೆ ಇದ್ದ ಕಡೇನೇ ಇತ್ತಾ?"

"ಅಲ್ಲೇ ಇತ್ತು."

"ಮೊನ್ನೆ?"

"ಮೊನ್ನೇನೂ ಅಲ್ಲೇ."

"ಅದು ಎಲ್ಲೂ ಹೋಗಲ್ಲ ಅಂತಾದ್ಮೇಲೆ ನೀನ್ಯಾಕೆ ಅಲ್ಲಿ ಕೂತು ಕಾಯ್ತೀಯ? ಮನೆಗೆ ಬಾ."

ಕುಬಾತ್ ನಕ್ಕು ನೆಲಕ್ಕೆ ಕೂತುಬಿಟ್ಟ. ಸಾಲು ಅನ್ನುವುದು ಉಳಿದಿರಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಕ್ಯಾಪ್ಟನ್ ಮಾತ್ರ ನಗುವುದನ್ನು ನಿಲ್ಲಿಸಿದ್ದರು. ಲೋಟವನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದು, ಜನರ ಕಡೆಗೆ ಬೆನ್ನು ಮಾಡಿ, ನಿಜವಾದ ಫೋನಿನಲ್ಲಿ ಮಾತಾಡುವಷ್ಟೇ ಮೆಲ್ಲಗೆ ಕೇಳಿದರು.

"ಬರ್ತೀನಿ ಆಪಾ. ತಪ್ಪು ನಂದೇ. ನನ್ನ ಮೇಲಿನ ಸಿಟ್ಟು ಹೋಯ್ತಾ?"

ಜನ ಇದನ್ನೂ ಆಟವೆಂದುಕೊಂಡು ನಕ್ಕರು. ಮುದುಕಿ ಈಗೇನು ಬೈಯುತ್ತಾಳೆ ಎಂದು ಕಿವಿಗೊಟ್ಟರು.

ಹೋಯ್ತು ಬಾಲಂ, ಎಂದರೆ ಮುಗಿಯುತ್ತಿತ್ತು. ಬಾಲಂ, ನನ್ನ ಕಂದ, ಎಂದು ಅವರು ಕರೆಯುವ ರೀತಿ ಉಲಾರನ ನಾಲಿಗೆಯ ತುದಿಯಲ್ಲಿತ್ತು. ಎರಡೇ ಮಾತು. ಹೊತ್ತು ಮುಳುಗುವುದರೊಳಗೆ ಸುದ್ದಿ ಬರುತ್ತದೆ. ಆಗ ಈ ಮನುಷ್ಯನ ಕೈಯಲ್ಲಿ ಹಿಡಿದುಕೊಳ್ಳಲು ಅಷ್ಟಾದರೂ ಇರುತ್ತಿತ್ತು. ಕೊಟ್ಟುಬಿಡು ಎಂದು ಅವನ ಮನಸ್ಸೆಲ್ಲ ಹೇಳಿತು. ಆದರೆ ಆ ಮಾತಿಗೆ ಶುಕ್ರವಾರವಿರಲಿಲ್ಲ. ಅವರು ಅದನ್ನು ಆಡಿರಲಿಲ್ಲ. ಸತ್ತವರ ದನಿಯಲ್ಲಿ ನಗಿಸಿದ್ದಕ್ಕೆ ಅವನಿಗೆ ನಾಚಿಕೆಯಾಗಿರಲಿಲ್ಲ. ಅವರು ಕ್ಷಮಿಸದೆ ಹೋದದ್ದನ್ನು ಅವರ ಬಾಯಿಂದ ತಾನು ಕ್ಷಮಿಸುವುದು ನೆನೆದೊಡನೆ ಮೈಯೆಲ್ಲ ತಣ್ಣಗಾಯಿತು. ಅಲ್ಲಿಂದ ಮುಂದೆ ತನಗೆ ದಾರಿಯಿಲ್ಲ ಎಂದು ಅವನಿಗೆ ಖಚಿತವಾಗಿ ಗೊತ್ತಾಯಿತು.

"ಆಪಾ?" ಎಂದರು ಕ್ಯಾಪ್ಟನ್ ಇನ್ನೊಮ್ಮೆ.

ಉಲಾರ್ ಲೋಟ ಕೆಳಗಿಟ್ಟ. ತಲೆಯ ಬಟ್ಟೆ ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ, ಪೆಟ್ಟಿಗೆಯ ಮೇಲಿಟ್ಟ. ಎದ್ದು ಅಟೆನ್ಶನ್‌ನಲ್ಲಿ ನಿಂತ. ನಗು ಒಂದೊಂದಾಗಿ ನಿಂತಿತು, ಕೊನೆಗೆ ಯಾರೋ ಒಬ್ಬನದ್ದು ಮಾತ್ರ ಉಳಿದು, ಅದೂ ನಾಚಿ ನಿಂತಿತು. ಕ್ಯಾಪ್ಟನ್ ತಿರುಗಿ ಅವನನ್ನು ನೋಡಿದರು. ಸಿಪಾಯಿಯ ಅಂಗಿಯಲ್ಲಿ, ಕೈಯಲ್ಲಿ ತಗಡಿನ ಲೋಟ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಹವಾಲ್ದಾರನ ಕಪ್ಪು ಮೆತ್ತಿದ ಕೆನ್ನೆ ನೋಡಿದರು. ಎಂದೂ ಮಾಸಲು ಮುಖದಲ್ಲಿ ಪರೇಡಿಗೆ ಬಂದವನಲ್ಲ ಆತ.

"ಯಾವಾಗ?" ಎಂದರು.

ಹೇಳುವ ಹಕ್ಕು ಉಲಾರ್‌ಗೆ ಇರಲಿಲ್ಲ. "ನಿಮ್ಮ ಚಿಕ್ಕಪ್ಪ ಬರ್ತಿದ್ದಾರೆ, ಜೊಲ್ದೊಶ್ ಕ್ಯಾಪ್ಟನ್" ಎಂದ. ತನ್ನ ಸ್ವಂತ ದನಿಯಲ್ಲಿ.

ಮೋಡ ತೆಳುವಾಗತೊಡಗಿತ್ತು. ಎಲ್ಲರೂ ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ಚಹಾ ಪೂರ್ತಿ ಆರಿತು. ಕೊನೆಗೆ ಬೇಲಿಯಾಚೆಯ ಇಳಿಜಾರಿನಲ್ಲಿ ಮೂರು ಕುದುರೆ ಕಂಡವು, ನಡಿಗೆಯಲ್ಲಿ, ಪಕ್ಕಪಕ್ಕದಲ್ಲಿ. ಹಬ್ಬಕ್ಕೆ ಬರುವ ನೆಂಟರು ಆ ಕೊನೆಯ ಇಳಿಜಾರಿನಲ್ಲಿ ಕುದುರೆ ಓಡಿಸದೆ ಬರುವುದಿಲ್ಲ. ಇವರು ಓಡಿಸಲಿಲ್ಲ. ಕ್ಯಾಪ್ಟನ್ ಅದನ್ನು ಕಂಡು, ಎರಡೂ ಕೈ ಸೊಂಟಕ್ಕೆ ಕೊಟ್ಟು, ಸೊಂಟ ಮುರಿದವರ ಹಾಗೆ ಬಾಗಿ, "ಆಪಾ, ನನ್ನ ಆಪಾ" ಎಂದು ಗಂಡಸರು ಸಾವಿನ ಮನೆಯ ಮುಂದೆ ಅಳುವ ಹಾಗೆ ಗಟ್ಟಿಯಾಗಿ ಅಳುತ್ತ ಅವರೆದುರಿಗೆ ನಡೆದರು. ಇಬ್ಬರು ಸಿಪಾಯಿಗಳು ಓಡಿಹೋಗಿ ಅವರ ಎರಡೂ ತೋಳು ಹಿಡಿದುಕೊಂಡರು. ಇಮಾನ್‌ಕುಲ್ ಕುದುರೆಯಿಂದಿಳಿದು ಅವರನ್ನು ಅಪ್ಪಿಕೊಂಡ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬೇಕಾಗಲೇ ಇಲ್ಲ.

ಸೂರ್ಯ ಇಳಿಯುವ ಮೊದಲೇ ಅವರು ಹೊರಟು ನಿಂತರು. ಕ್ಯಾಪ್ಟನ್‌ಗೆ ಅವರ ಬೂದುಕುದುರೆಗೆ ಜೀನು ಹಾಕಿ ತಂದವನು ಉಲಾರ್. ಅಲ್ಲಿಯವರೆಗೂ ಅವನು ಯಾರ ಕಣ್ಣಿಗೂ ಬೀಳದೆ ಲಾಯದಲ್ಲೇ ಕೂತಿದ್ದ. ಈ ಚಳಿಗಾಲದಲ್ಲಿ ಊಟಕ್ಕೆ ಕೂತಾಗ ಪಕ್ಕ ಯಾರು ಕೂರುತ್ತಾರೋ ಎಂಬ ಯೋಚನೆಯೂ ಒಂದೆರಡು ಸಲ ಬಂದು ಹೋಗಿತ್ತು. ಕ್ಯಾಪ್ಟನ್ ತಮ್ಮ ಅಂಗಿ ತೊಟ್ಟಿದ್ದರು, ಕಣ್ಣು ಊದಿತ್ತು. ಜೀನಿನ ಮೇಲೆ ಕೂತು ಲಗಾಮು ಹಿಡಿದರೂ ಹೊರಡಲಿಲ್ಲ.

"ಹೋಯ್ತು ಅಂತ ಹೇಳಿಬಿಡಬಹುದಿತ್ತಲ್ಲೋ, ಉಲಾರ್."

"ಅವ್ರು ಹೇಳಿರ್ಲಿಲ್ಲ, ಜೊಲ್ದೊಶ್ ಕ್ಯಾಪ್ಟನ್."

"ಎರಡು ಮಾತು. ಯಾರಿಗೆ ಗೊತ್ತಾಗ್ತಿತ್ತು?"

"ನಂಗೆ ಗೊತ್ತಿರ್ತಿತ್ತು."

ಕ್ಯಾಪ್ಟನ್ ಕುದುರೆಯ ಕತ್ತಿನ ಕೂದಲನ್ನು ಬೆರಳಿನಿಂದ ಬಿಡಿಸುತ್ತ ಕೂತರು. ಚಿಕ್ಕಪ್ಪನೂ ಉಳಿದಿಬ್ಬರೂ ಮುಂದೆ ಹೋಗಿ, ಬೇಲಿಯ ಬಾಗಿಲಲ್ಲಿ ಕಾಯುತ್ತಿದ್ದರು.

"ಒಂದು ಕೇಳ್ತೀನಿ. ಅವಳ ಮಾತು ನನಗಿಂತ ಜಾಸ್ತಿ ಕೇಳಿಸ್ಕೊಂಡೋನು ನೀನು. ಇನ್ನೊಂದು ಶುಕ್ರವಾರ ಸಿಕ್ಕಿದ್ರೆ ಹೇಳ್ತಿದ್ಲೇನೋ? ಸಿಟ್ಟು ಹೋಯ್ತು ಅಂತ?"

ಉಲಾರ್ ಯೋಚಿಸಿದ. ಒಂದೂವರೆ ವರ್ಷದ ಶುಕ್ರವಾರಗಳನ್ನೆಲ್ಲ ಒಂದೊಂದಾಗಿ ಕಿವಿಗೆ ತಂದುಕೊಂಡು, ಪ್ರಾಮಾಣಿಕವಾಗಿ ಯೋಚಿಸಿದ.

"ಇಲ್ಲ, ಜೊಲ್ದೊಶ್ ಕ್ಯಾಪ್ಟನ್" ಎಂದ. "ಬೈತಿದ್ರು."

ಕ್ಯಾಪ್ಟನ್‌ನ ಮೀಸೆ ಅದುರಿತು, ಭುಜ ಅದುರಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಹೇಳುವಂತಿರಲಿಲ್ಲ, ಎರಡೂ ಒಟ್ಟಿಗೇ ಬಂದಿದ್ದವು.

"ಬೈತಿದ್ಲು" ಎಂದರು. "ಹೌದು ಕಣೋ, ಬೈತಿದ್ಲು."

ತೋಳಿನಿಂದ ಮುಖ ಒರೆಸಿಕೊಂಡು ಕುದುರೆ ಬಿಟ್ಟರು. ಬೇಲಿ ದಾಟಿದ ಮೇಲೆ ನಾಲ್ಕೂ ಕುದುರೆಗಳು ಓಟಕ್ಕೆ ಬಿದ್ದವು. ಕಣಿವೆಯಲ್ಲಿ ಉಳಿದಿದ್ದ ಮೋಡ ಅವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದುಕೊಂಡಿತು. ಉಲಾರ್ ಗೊರಸಿನ ಸದ್ದು ನಿಲ್ಲುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಊಟಕ್ಕೆ ಹೋದ.